ಬೆಳಗಿನ ಆರರ ಕೈ, ಮಧ್ಯಾಹ್ನ ಹನ್ನೆರಡರ ಕೈ

ಕೀಲುಗಳ ಉರಿಯೂತ ಇರುವವರನ್ನು ಡಾಕ್ಟರು ನೋಡುವುದು ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೆ. ಮುಂಬಯಿಯ ಯಾವ ದೊಡ್ಡ ಆಸ್ಪತ್ರೆಯಾದರೂ ಸರಿ, ಬೆಳಿಗ್ಗೆ ಎಂಟಕ್ಕೆ ಕೇಸ್ ಪೇಪರಿನ ಸಾಲಿಗೆ ನಿಂತರೆ ಒಳಗೆ ಕರೆಯುವಾಗ ಹನ್ನೊಂದೂವರೆ, ಹನ್ನೆರಡು. ಅಷ್ಟರೊಳಗೆ ಡೊಂಬಿವಲಿಯಿಂದಲೋ ಮೀರಾರೋಡಿನಿಂದಲೋ ಲೋಕಲ್‌ನಲ್ಲಿ ನಿಂತು ಬಂದು, ಸ್ಟೇಷನ್ನಿನ ಬ್ರಿಜ್ ಹತ್ತಿಳಿದು, ಸಾಲಿನಲ್ಲಿ ಕಾಲು ಬದಲಿಸುತ್ತ ನಿಂತು ಮೈ ಸಡಿಲಾಗಿರುತ್ತದೆ. ‘ಮುಷ್ಟಿ ಕಟ್ಟಿ’ ಎಂದರೆ ಕೈ ಮುಚ್ಚುತ್ತದೆ. ಬೆಳಿಗ್ಗೆ ಆರಕ್ಕೆ ಇದೇ ಕೈಗೆ ಪೇಸ್ಟಿನ ಮುಚ್ಚಳ ತಿರುಗಿಸಲು ಆಗಿರಲಿಲ್ಲ, ಷರ್ಟಿನ ಗುಂಡಿಯನ್ನು ಹೆಂಡತಿ ಹಾಕಿಕೊಟ್ಟಿದ್ದಳು ಎಂಬುದು ಕೇಸ್ ಪೇಪರಿನಲ್ಲಿ ಬರುವುದಿಲ್ಲ. ಬೆರಳು, ಮಣಿಕಟ್ಟು ಊದಿಸುವ ರುಮಟಾಯ್ಡ್ ಸಂಧಿವಾತ, ಚರ್ಮದಲ್ಲಿ ಮಚ್ಚೆ, ಹೊಟ್ಟು ಏಳುವ ಸೋರಿಯಾಸಿಸ್ ಜೊತೆ ಬರುವ ಸಂಧಿವಾತ, ಬೆನ್ನು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಮೂರರಲ್ಲೂ ಸಂಕಟದ ದೊಡ್ಡ ಪಾಲು ವೇಳೆಯದ್ದು. ರೋಗದ ಗಡಿಯಾರ ಒಂದು, ಊರಿನ ಗಡಿಯಾರ ಇನ್ನೊಂದು.

ಬೆಳಿಗ್ಗೆಯೇ ಯಾಕೆ ಹೀಗಾಗುತ್ತದೆ? ಉರಿಯೂತ ಎಬ್ಬಿಸುವ ಐಎಲ್-6 ಎಂಬ ರಾಸಾಯನಿಕ ರಕ್ತದಲ್ಲಿ ಏರುವುದು ಬೆಳಗಿನ ಜಾವ. ಅದನ್ನು ಅದುಮಬೇಕಾದ ದೇಹದ ಸ್ವಂತ ಸ್ಟೀರಾಯ್ಡ್ ಕಾರ್ಟಿಸೋಲ್ ನಡುರಾತ್ರಿಯ ಸುಮಾರಿಗೆ ತಳದಲ್ಲಿದ್ದು, ಬೆಳಗಿನ ಕಡೆಗಷ್ಟೇ ಏರುತ್ತದೆ. ಮಲಗಿದಲ್ಲೇ ಕೀಲಿನ ಪೊರೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಹಾಗಾಗಿ ಎದ್ದ ಮೇಲೆ ಕೀಲು ಅರ್ಧ ಗಂಟೆಗಿಂತ ಹೆಚ್ಚು ಬಿಗಿದಿದ್ದು, ಓಡಾಡಿದ ಹಾಗೆ ಸಡಿಲಾದರೆ ಅದು ಉರಿಯೂತದ ಗುರುತು. ಸವೆತದ ಮಂಡಿನೋವು ಇದಕ್ಕೆ ಉಲ್ಟಾ: ಎದ್ದಾಗ ಹತ್ತು ನಿಮಿಷ ಬಿಗಿತ, ಆಮೇಲೆ ನಡೆದಷ್ಟೂ ನೋವು. ಡಾಕ್ಟರಿಗೆ ‘ಗಂಟುನೋವು’ ಎಂದಷ್ಟೇ ಹೇಳಿ ಬಂದರೆ ಈ ವ್ಯತ್ಯಾಸ ದಾಖಲಾಗದೆ ಹೋಗುತ್ತದೆ. ಅದಕ್ಕಿಂತ ಒಂದು ವಾರ, ಎದ್ದ ಕೂಡಲೇ ಕೈಯ ಫೋಟೋ ತೆಗೆದಿಡಿ. ಫೋನು ಸಮಯವನ್ನು ತಾನೇ ದಾಖಲಿಸುತ್ತದೆ. ಮುಷ್ಟಿ ಪೂರ್ತಿ ಮುಚ್ಚಲು ಎಷ್ಟು ನಿಮಿಷ ಹಿಡಿಯಿತು ಎಂದು ಕ್ಯಾಲೆಂಡರಿನ ಚೌಕದಲ್ಲಿ ಬರೆಯಿರಿ. ‘ಸೋಮವಾರ 70, ಮಂಗಳವಾರ 90’ ಎಂದು ಬರೆದ ಚೀಟಿಗೆ ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ಇರುವ ಬೆಲೆ ಅರ್ಧ ಗಂಟೆಯ ವಿವರಣೆಗೂ ಇಲ್ಲ. ಔಷಧ ಹಿಡಿಯುತ್ತಿದೆಯೋ ಇಲ್ಲವೋ ಎಂದು ಮೂರು ತಿಂಗಳ ಮೇಲೆ ತೂಗಿ ನೋಡಲೂ ಅದೇ ಚೀಟಿ ಬೇಕು.

ಇಲ್ಲಿನ ಕನ್ನಡಿಗರ ಮಟ್ಟಿಗೆ ವೇಳೆಯ ಪ್ರಶ್ನೆ ಇನ್ನೂ ಬಿಗಿ. ಹೊಟೇಲಿನ ಅಡುಗೆಮನೆ ಶುರುವಾಗುವುದೇ ನಸುಕಿಗೆ. ಇಡ್ಲಿ ಹಬೆಗೆ ಇಡುವವನು, ಗ್ರೈಂಡರಿನಿಂದ ಹಿಟ್ಟು ಬಳಿಯುವವನು, ಕಾವಲಿ ಮುಂದೆ ನಿಲ್ಲುವವನು ಎಲ್ಲರ ಕೈಗೂ ಅತಿ ಹೆಚ್ಚು ಕೆಲಸ ಬೀಳುವುದು ಆ ಕೈ ಅತಿ ಕೆಟ್ಟದಾಗಿರುವ ಹೊತ್ತಿಗೇ. ಹತ್ತು ಗಂಟೆಗೆ ಅವನು ಚುರುಕಾಗುತ್ತಾನೆ. ‘ಬೆಳಿಗ್ಗೆ ಮಾತ್ರ ಇವನಿಗೆ ಸೋಮಾರಿತನ’ ಎಂಬ ಮಾತು ಹುಟ್ಟುವುದು ಹೀಗೆ, ಮತ್ತು ಅದನ್ನು ಆಡುವ ಮಾಲಕರೆಲ್ಲ ಕೆಟ್ಟವರೂ ಅಲ್ಲ. ಅವರಿಗೆ ಕಾಣುವುದು ಅಷ್ಟೇ.

ಚರ್ಮ ಮತ್ತು ಕೀಲಿನ ನಡುವೆ ಇನ್ನೊಂದು ಕಾಲದ ಅಂತರ ಇದೆ, ಇದು ವರ್ಷಗಳ ಲೆಕ್ಕದ್ದು. ಸೋರಿಯಾಸಿಸ್ ಇರುವವರಲ್ಲಿ ಹೆಚ್ಚೆಂದರೆ ಮೂರರಲ್ಲೊಬ್ಬರಿಗೆ ಮುಂದೆ ಕೀಲಿನ ರೋಗ ಬರುತ್ತದೆ. ಸಾಮಾನ್ಯವಾಗಿ ಚರ್ಮ ಮೊದಲು, ಏಳೆಂಟು ಹತ್ತು ವರ್ಷದ ಮೇಲೆ ಕೀಲು. ಕೆಲವರಲ್ಲಿ ಮಾತ್ರ ಕೀಲೇ ಮೊದಲು. ಅಷ್ಟು ದೊಡ್ಡ ಅಂತರದಲ್ಲಿ ಎರಡನ್ನೂ ಜೋಡಿಸಿ ನೋಡುವುದು ಯಾರಿಗೂ ಹೊಳೆಯುವುದಿಲ್ಲ. ಚರ್ಮಕ್ಕೆ ಒಬ್ಬ ಡಾಕ್ಟರು, ಹಿಮ್ಮಡಿ ನೋವಿಗೆ ಇನ್ನೊಬ್ಬ ಮೂಳೆ ಡಾಕ್ಟರು. ಅಲ್ಲಿ ಮೊಣಕೈಯ ಚಕ್ಕೆ ತೋರಿಸುವುದಿಲ್ಲ, ಇಲ್ಲಿ ಹಿಮ್ಮಡಿ ಸುದ್ದಿ ಎತ್ತುವುದಿಲ್ಲ. ಆರು ತಿಂಗಳ ತಡವಾದರೂ ಮೂಳೆಯ ಅಂಚು ಕೊರೆದುಹೋಗಬಹುದು, ಕೊರೆದದ್ದು ಮರಳಿ ತುಂಬುವುದಿಲ್ಲ.

ಜೋಡಿಸಿ ನೋಡಲು ಸುಲಭದ ಜಾಗ ಉಗುರು. ಹೊಲಿಗೆ ಸೂಜಿಯ ಮೊನೆಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳು, ತುದಿಯಿಂದ ಉಗುರು ಎದ್ದು ಬರುವುದು, ಒಳಗೆ ಎಣ್ಣೆ ಹನಿ ಬಿದ್ದಂಥ ಹಳದಿ ಕಲೆ. ಇವನ್ನು ಉಗುರಿನ ಫಂಗಸ್ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿದವರಿದ್ದಾರೆ. ಉಗುರು ಕೆಟ್ಟವರಿಗೆ ಕೀಲಿನ ರೋಗದ ಸಂಭವ ಜಾಸ್ತಿ, ಏಕೆಂದರೆ ಬೆರಳಿನ ಕೊನೆಯ ಕೀಲಿನ ಸ್ನಾಯುರಜ್ಜು ಉಗುರಿನ ಬುಡಕ್ಕೇ ಅಂಟಿಕೊಂಡಿದೆ. ರುಮಟಾಯ್ಡ್ ಸಾಮಾನ್ಯವಾಗಿ ಆ ಕೊನೆಯ ಕೀಲನ್ನು ಮುಟ್ಟುವುದಿಲ್ಲ. ಬೆರಳಿನ ಬುಡ, ನಡುಗೆಣ್ಣು, ಮಣಿಕಟ್ಟು ಅದರ ಜಾಗ. ಸೋರಿಯಾಸಿಸ್‌ನದ್ದು ಕೊನೆಯ ಗೆಣ್ಣನ್ನೂ ಹಿಡಿಯುತ್ತದೆ, ಒಮ್ಮೊಮ್ಮೆ ಒಂದು ಬೆರಳನ್ನೋ ಕಾಲ್ಬೆರಳನ್ನೋ ಬುಡದಿಂದ ತುದಿಯವರೆಗೆ ಒಂದೇ ಸಮ ಊದಿಸುತ್ತದೆ, ಹಿಮ್ಮಡಿಯಲ್ಲಿ ಸ್ನಾಯು ಮೂಳೆಗೆ ಕೂಡುವ ಜಾಗದಲ್ಲಿ ಕೂರುತ್ತದೆ. ರುಮಟಾಯ್ಡ್ ಪತ್ತೆಗೆ ಮಾಡುವ ರಕ್ತದ ಆರ್‌ಎ ಪರೀಕ್ಷೆ ಇದರಲ್ಲಿ ಹೆಚ್ಚಾಗಿ ನೆಗೆಟಿವ್. ‘ರಿಪೋರ್ಟ್ ನಾರ್ಮಲ್, ಏನೂ ಇಲ್ಲ’ ಎಂದು ಮನೆಗೆ ಕಳಿಸಲು ಅದು ಸಾಕಾಗುವುದಿಲ್ಲ. ಚಿಕುನ್‌ಗುನ್ಯಾ ಬಂದುಹೋದ ಮೇಲಿನ ಕೀಲುನೋವೂ ತಿಂಗಳುಗಟ್ಟಲೆ ಹೀಗೇ ಕಾಣುತ್ತದೆ. ಜ್ವರ ಯಾವಾಗ ಬಂದಿತ್ತು ಎಂಬುದನ್ನು ಹೇಳಲೇಬೇಕು.

ಇದು ನಗರದ ಕಾಯಿಲೆ ಎಂದು ತಿಳಿದವರು ಪುಣೆ ಹತ್ತಿರದ ಭಿಗವಣ್ ಕಡೆ ನೋಡಬಹುದು. ಪುಣೆಯ ವೈದ್ಯರ ತಂಡವೊಂದು 1996ರಲ್ಲಿ ಅಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿತು. ಹಳ್ಳಿ ಜನರ ಬಾಯಲ್ಲಿ ಮೊದಲು ಬಂದ ದೂರು ಮೈಕೈ, ಕೀಲುನೋವಿನದ್ದೇ. ರುಮಟಾಯ್ಡ್ ಸಾವಿರಕ್ಕೆ ಐದರ ಆಸುಪಾಸಿನಲ್ಲಿತ್ತು.

ಇನ್ನು ಚರ್ಮ. ಪುಸ್ತಕಗಳಲ್ಲಿ ಸೋರಿಯಾಸಿಸ್ ಎಂದರೆ ಕೆಂಪು ಮಚ್ಚೆ, ಬೆಳ್ಳಿ ಬಣ್ಣದ ಹೊಟ್ಟು. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಕಾಣುವುದು ಕಡಿಮೆ. ನೇರಳೆ, ಕಂದು, ಬೂದು ಛಾಯೆ. ಆದ್ದರಿಂದ ಮೊದಲ ಊಹೆ ಗಜಕರ್ಣ, ಮೊದಲ ಚಿಕಿತ್ಸೆ ಮೆಡಿಕಲ್ ಅಂಗಡಿಯ ಕ್ರೀಮು. ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಆ ಟ್ಯೂಬುಗಳು ತುರಿಕೆಯನ್ನು ಎರಡು ದಿನದಲ್ಲಿ ಅಡಗಿಸುತ್ತವೆ. ನಿಜಕ್ಕೂ ಗಜಕರ್ಣವೇ ಆಗಿದ್ದರೆ ಅದು ರೂಪ ಬದಲಿಸಿಕೊಂಡು ಹರಡುತ್ತದೆ, ಸೋರಿಯಾಸಿಸ್ ಆಗಿದ್ದರೆ ನಿಲ್ಲಿಸಿದ ಮೇಲೆ ಇನ್ನಷ್ಟು ಕೆರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಹಚ್ಚುವ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಕೌಂಟರಿನಲ್ಲಿ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಸರಿಯಾದ ಮುಲಾಮು ಕೈಗೆ ಬಂದ ಮೇಲೂ ತಪ್ಪುವುದು ಅಳತೆಯಲ್ಲಿ. ಇದಕ್ಕೆ ಚರ್ಮದ ಡಾಕ್ಟರುಗಳು ಬಳಸುವ ಒಂದು ಲೆಕ್ಕ ಇದೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒತ್ತಿ ಎಳೆದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳು ಜೋಡಿಸಿ ಹರಡಿದ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಒಂದು ತೋಳಿಗೆ ಇಂಥ ಮೂರು, ಒಂದು ಕಾಲಿಗೆ ಆರು, ಪಾದಕ್ಕೆ ಎರಡು, ಬೆನ್ನಿಗೆ ಏಳು. ಎರಡು ಮೊಣಕೈ, ಎರಡು ಮಂಡಿಗಳಲ್ಲಿ ಅಂಗೈಯಗಲದ ಮಚ್ಚೆ ಇದ್ದರೆ ಒಂದು ಸಲಕ್ಕೆ ಒಂದು ಗ್ರಾಂ, ದಿನಕ್ಕೊಮ್ಮೆ ಹಚ್ಚಿದರೆ 15 ಗ್ರಾಂ ಟ್ಯೂಬು ಹದಿನೈದು ದಿನಕ್ಕೆ ಖಾಲಿ. ‘ನಾಲ್ಕು ತಿಂಗಳಿಂದ ಹಚ್ಚುತ್ತಿದ್ದೇನೆ, ಗುಣವಿಲ್ಲ’ ಎನ್ನುವವರ ಟ್ಯೂಬು ಇನ್ನೂ ಮುಗಿದಿಲ್ಲವೆಂದರೆ ಔಷಧವನ್ನು ದೂರುವಂತಿಲ್ಲ. ಹಾಗೆಂದು ಕ್ಲೋಬೆಟಾಸಾಲ್‌ನಂಥ ಪ್ರಬಲ ಸ್ಟೀರಾಯ್ಡನ್ನು ಮನಸ್ಸಿಗೆ ಬಂದಂತೆ ಬಳಿಯುವುದೂ ಅಲ್ಲ: ಒಂದೇ ಸಮನೆ ಎರಡು ವಾರಕ್ಕಿಂತ ಹೆಚ್ಚು ಬೇಡ, ವಾರಕ್ಕೆ 50 ಗ್ರಾಂ ಮೀರಬಾರದು, ಮುಖ, ಕಂಕುಳು, ತೊಡೆಸಂದಿಗೆ ತಾನಾಗಿ ಹಚ್ಚಬಾರದು. ತೇವ ಉಳಿಸುವ ಎಣ್ಣೆಯೋ ಮಾಯಿಶ್ಚರೈಸರೋ ಹಚ್ಚುವುದಿದ್ದರೆ ನಡುವೆ ಇಪ್ಪತ್ತು ಮೂವತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಮುಲಾಮು ತೆಳುವಾಗಿ ಎಲ್ಲೆಲ್ಲಿಗೋ ಹರಿಯುತ್ತದೆ. ಊರಿನ ತೆಂಗಿನೆಣ್ಣೆ ಒಣ ಚರ್ಮಕ್ಕೆ ನಿಜವಾಗಿ ಒಳ್ಳೆಯದು. ತಲೆಯ ದಪ್ಪ ಹೊಟ್ಟನ್ನು ರಾತ್ರಿ ನೆನೆಸಿ ಬೆಳಿಗ್ಗೆ ಮೆಲ್ಲಗೆ ಬಾಚಿ ತೆಗೆಯಲೂ ಆಗುತ್ತದೆ. ಅದು ರೋಗವನ್ನು ಇಳಿಸುವುದಿಲ್ಲ, ಅಷ್ಟೇ. ಪ್ಯಾರಾಫಿನ್ ಇರುವ ಮುಲಾಮು ಹಚ್ಚಿಕೊಂಡು ಭಟ್ಟಿ ಮುಂದೆ ನಿಲ್ಲುವವರು ಒಂದು ಮಾತು ನೆನಪಿಡಬೇಕು: ಮುಲಾಮು ಹೀರಿದ ಬನಿಯನ್ನು, ಟವೆಲು ಬೆಂಕಿಗೆ ಬೇಗ ಹತ್ತಿಕೊಳ್ಳುತ್ತವೆ. ಕೆಲಸದ ಬಟ್ಟೆ ಬೇರೆ ಇಟ್ಟುಕೊಂಡು ದಿನಾ ಒಗೆಯಿರಿ.

ಚರ್ಮಕ್ಕೆ ಗಾಯವಾದಲ್ಲಿ, ಉಜ್ಜಿದಲ್ಲಿ ಹೊಸ ಮಚ್ಚೆ ಏಳುವುದು ಸೋರಿಯಾಸಿಸ್‌ನ ಜಾಯಮಾನ. ಹೆಂಗಸರಲ್ಲಿ ಲಂಗದ ಲಾಡಿ ಕಟ್ಟುವ ಸೊಂಟದ ಸುತ್ತ ಒಂದು ಗೆರೆಯಾಗಿ ಬರುವುದು ಇದೇ ಕಾರಣಕ್ಕೆ. ಲಾಡಿಯ ಬದಲು ಅಗಲ ಇಲಾಸ್ಟಿಕ್ಕಿನ ಲಂಗ ಹಾಕಿದರೆ ಎಷ್ಟೋ ಇಳಿಯುತ್ತದೆ. ಪಾತ್ರೆ ತೊಳೆಯುವವರು ರಬ್ಬರ್ ಗ್ಲೌಸಿನೊಳಗೆ ಹತ್ತಿಯ ಗ್ಲೌಸು ಹಾಕಿ, ಒಳಗಿನದು ಬೆವರಿಗೆ ಒದ್ದೆಯಾದ ಕೂಡಲೇ ಬದಲಿಸಬೇಕು. ಒದ್ದೆ ಗ್ಲೌಸಿಗಿಂತ ಬರಿಗೈಯೇ ವಾಸಿ. ಕ್ಷೌರದಂಗಡಿಯಲ್ಲಿ ಬ್ಲೇಡು ಬೇಡ, ಮೆಷಿನ್ ಸಾಕು ಎಂದು ಮೊದಲೇ ಹೇಳಿ.

ಹೇಳುವುದೇ ಕಷ್ಟ ಎಂಬುದು ಬೇರೆ ಮಾತು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವಲ್ಲಿ, ಒಂದೇ ಹಗ್ಗದ ಮೇಲೆ ಎಂಟು ಟವೆಲು ಒಣಗುವಲ್ಲಿ ಬೆಳಿಗ್ಗೆ ಚಾಪೆ ಮೇಲೆ ಉದುರಿದ ಹೊಟ್ಟು ಎಲ್ಲರಿಗೂ ಕಾಣುತ್ತದೆ. ಇದು ಅಂಟುವುದಿಲ್ಲ, ಮುಟ್ಟಿದರೂ ಇಲ್ಲ, ಟವೆಲು ಬದಲಾದರೂ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಆಗಬೇಕಾದ ಚರ್ಮದ ಬೆಳವಣಿಗೆ ವಾರದೊಳಗೆ ಆಗಿಬಿಡುವುದರಿಂದ ಉದುರುವ ಸತ್ತ ಚರ್ಮ ಅದು. ಊರಿಗೆ ಫೋನು ಮಾಡಿದರೆ ನಾಗದೋಷದ ಸುದ್ದಿ ಬರುತ್ತದೆ, ಬನಕ್ಕೆ ತಂಬಿಲ, ಆಶ್ಲೇಷಾ ಬಲಿ, ಸುಬ್ರಹ್ಮಣ್ಯದ ಹರಕೆ. ನಂಬಿಕೆ ಇದ್ದವರು ಮಾಡಿಸಲಿ. ವ್ರತದ ಹೆಸರಿನಲ್ಲಿ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ. ಬದನೆ ನಂಜು, ಮೀನು ನಂಜು ಎಂಬ ಪಥ್ಯಕ್ಕೆ ಆಧಾರವಿಲ್ಲ. ಬಂಗುಡೆ, ಬೂತಾಯಿ ಬಿಡಬೇಕಿಲ್ಲ. ಬಿಡಬೇಕಾದ್ದು ಬೀಡಿ-ಸಿಗರೇಟು, ಡ್ಯೂಟಿ ಮುಗಿದ ಮೇಲಿನ ಕ್ವಾರ್ಟರು, ಮತ್ತು ಹೊಟ್ಟೆಯ ಸುತ್ತಿನ ತೂಕ.

ಕ್ವಾರ್ಟರಿನ ಮಾತು ಬಂದದ್ದು ಮೆಥೋಟ್ರೆಕ್ಸೇಟ್‌ನಿಂದಾಗಿ. ಚರ್ಮಕ್ಕೂ ಕೀಲಿಗೂ ಬೇರಿನಲ್ಲಿ ಕೆಲಸ ಮಾಡುವ, ಅಗ್ಗದ, ಹಳೆಯ ಮಾತ್ರೆ ಇದು. ಕುಡಿತದ ಜೊತೆ ಲಿವರಿಗೆ ಪೆಟ್ಟು. ಆದರೆ ಇದರ ದೊಡ್ಡ ಅಪಾಯ ಕ್ಯಾಲೆಂಡರಿನಲ್ಲಿದೆ. ಇದು ವಾರಕ್ಕೊಮ್ಮೆ ಮಾತ್ರ, ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ. ನಮ್ಮಲ್ಲಿ ಮಾತ್ರೆ ಎಂದರೆ ದಿನಾ ನುಂಗುವಂಥದ್ದು. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಎಷ್ಟೋ ಸಲ ಇದರಂತೆಯೇ ಪುಟ್ಟ ಹಳದಿ ಮಾತ್ರೆ, ಅದನ್ನು ಕೆಲವರಿಗೆ ಹೆಚ್ಚು ದಿನ ತೆಗೆದುಕೊಳ್ಳಲು ಬರೆಯುತ್ತಾರೆ. ಎರಡೂ ಅದಲುಬದಲಾದರೆ ವಾರದ್ದು ದಿನಾ ಒಳಗೆ ಹೋಗುತ್ತದೆ, ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದು ನಿಲ್ಲುತ್ತದೆ, ಜೀವ ಹೋದದ್ದೂ ಇದೆ. ತಡೆಯುವುದು ಕಷ್ಟವಲ್ಲ. ವಾರದ ಹೆಸರನ್ನು ಚೀಟಿಯ ಮೇಲೆ, ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿ ಬರೆಯಿರಿ. ವಾರದ ರಜೆಯ ಹಿಂದಿನ ರಾತ್ರಿ ಒಳ್ಳೆಯ ಆಯ್ಕೆ, ಮರುದಿನದ ವಾಕರಿಕೆ, ಸುಸ್ತು ಮಲಗಿ ಕಳೆಯಬಹುದು. ಮನೆಯಲ್ಲಿ ಒಂದೇ ಶಕ್ತಿಯ ಮಾತ್ರೆ ಇರಲಿ, 2.5 ಮಿಲಿಗ್ರಾಂನ ಆರು ನುಂಗುವವರ ಕೈಗೆ 10ರ ಸ್ಟ್ರಿಪ್ಪು ಬಂದರೆ ಆರು ನುಂಗಿಬಿಡುತ್ತಾರೆ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಮರೆತರೆ ಎರಡು ದಿನದೊಳಗೆ ತೆಗೆದುಕೊಳ್ಳಬಹುದು, ಅದು ಮೀರಿದರೆ ಮುಂದಿನ ವಾರಕ್ಕೇ. ಎರಡು ವಾರದ್ದು ಒಟ್ಟಿಗೆ ಎಂದೂ ಬೇಡ.

ಶುರು ಮಾಡುವ ಮುಂಚೆ ರಕ್ತಕಣ, ಲಿವರು, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ. ಮೊದಲ ತಿಂಗಳುಗಳಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಬಾಯಿಹುಣ್ಣು, ಜ್ವರ, ವಸಡಿನಲ್ಲಿ ರಕ್ತ, ಒಣಕೆಮ್ಮಿನ ಜೊತೆ ಉಬ್ಬಸ, ಯಾವುದು ಬಂದರೂ ಮುಂದಿನ ಡೋಸು ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ ಮಾತ್ರೆಯ ಹೆಸರು ಹೇಳಬೇಕು. ಪ್ರತ್ಯೌಷಧ ಫೋಲಿನಿಕ್ ಆಸಿಡ್, ಬೇಗ ಕೊಟ್ಟಷ್ಟೂ ಫಲ. ಮೂತ್ರದ ಸೋಂಕಿಗೆ, ಭೇದಿಗೆ ಗಲ್ಲಿಯ ದವಾಖಾನೆಯಲ್ಲಿ ಕೊಡುವ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಇದರ ಜೊತೆ ಸೇರಬಾರದು. ಮಗು ಬೇಕು ಎಂದಿರುವ ಹೆಂಗಸರು ತಿಂಗಳುಗಳ ಮೊದಲೇ ಡಾಕ್ಟರಿಗೆ ತಿಳಿಸಿ ಬದಲಿ ಔಷಧಕ್ಕೆ ಹೋಗಬೇಕು. ಮದುವೆಯ ಮುಂಚೆ ರೋಗ ಮುಚ್ಚಿಟ್ಟರೆ ಆಗುವ ಅನಾಹುತ ಇದೇ: ಗಂಡನ ಮನೆಯಲ್ಲಿ ಕದ್ದು ನುಂಗುವ ಮಾತ್ರೆ, ಯಾರಿಗೂ ಹೇಳದ ಗರ್ಭ.

ಫಲ ಕಾಣಲು ಆರೆಂಟು ವಾರ, ಕೆಲವರಿಗೆ ಹನ್ನೆರಡು. ಈ ಹನ್ನೆರಡು ವಾರದಲ್ಲೇ ಜನ ಕೈಬಿಟ್ಟು ಪುಡಿ ಕೊಡುವವನ ಬಳಿ ಹೋಗುವುದು. ‘ಮೂರೇ ದಿನದಲ್ಲಿ ಗುಣ’ ಎಂಬ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಹಸಿವು ಹೆಚ್ಚುವುದು, ಮುಖ ದುಂಡಗಾಗುವುದು, ಸಕ್ಕರೆ ಏರುವುದು ಅದರ ಗುರುತು. ಹೀಗಾಗಿದೆ ಎಂದು ಗೊತ್ತಾದರೂ ತಟ್ಟನೆ ನಿಲ್ಲಿಸಬೇಡಿ: ದೇಹ ತನ್ನ ಕಾರ್ಟಿಸೋಲ್ ಮಾಡುವುದನ್ನೇ ಮರೆತಿರುತ್ತದೆ, ಸೋರಿಯಾಸಿಸ್ ಇದ್ದವರಿಗೆ ಮೈತುಂಬ ಕೀವಿನ ಗುಳ್ಳೆ ಎದ್ದು ಆಸ್ಪತ್ರೆ ಸೇರಬೇಕಾಗಬಹುದು. ಪುಡಿಯ ಪೊಟ್ಟಣ ಸಮೇತ ಡಾಕ್ಟರನ್ನು ಕಂಡು ಮೆಲ್ಲಗೆ ಇಳಿಸಬೇಕು.

ಮಾತ್ರೆಗೆ ಬಗ್ಗದ ರೋಗಕ್ಕೆ ಬಯೋಲಾಜಿಕ್ ಎಂಬ, ಜೀವಕೋಶಗಳಿಂದ ತಯಾರಿಸುವ ಚುಚ್ಚುಮದ್ದುಗಳಿವೆ. ಇಲ್ಲಿ ಮುಂಬಯಿಯದ್ದೇ ಒಂದು ತೊಡಕು ಟಿಬಿ. ಅಡಾಲಿಮುಮಾಬ್‌ನಂಥ ಔಷಧಗಳು ಒಳಗೆ ಮಲಗಿರುವ ಟಿಬಿಯನ್ನು ಎಬ್ಬಿಸಬಲ್ಲವು. ಎದೆಯ ಎಕ್ಸ್‌ರೇ, ಟಿಬಿಗೆ ಚರ್ಮದಲ್ಲಿ ಚುಚ್ಚಿ ನೋಡುವ ಮಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಆಗದೆ ಶುರು ಮಾಡಬಾರದು. ಸುಪ್ತ ಟಿಬಿ ಇದ್ದರೆ ಅದರ ಮಾತ್ರೆ ಕನಿಷ್ಠ ಒಂದು ತಿಂಗಳು ಮೊದಲು ಹಿಡಿಯಬೇಕು. ಕೋಣೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂಬ ಪ್ರಶ್ನೆಗೆ ನಾಚಿಕೊಂಡು ‘ಇಲ್ಲ’ ಎನ್ನುವುದು ಬೇಡ. ಈ ಪೆನ್ನುಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಿಸಾಡುವುದೇ. ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವ ರಾತ್ರಿಗೆ ಐಸ್ ಪ್ಯಾಕಿನ ಚೀಲ ಸಾಕು, ಆದರೆ ಪ್ಯಾಕು ಪೆನ್ನಿಗೆ ನೇರ ತಾಗದಂತೆ ನಡುವೆ ಬಟ್ಟೆ ಸುತ್ತಿ. ಡೋಸಿನ ದಿನ ಊರಿನಲ್ಲಿ ಬರದ ಹಾಗೆ ರಜೆ ಹಾಕಿಕೊಂಡರೆ ಈ ತಲೆಬಿಸಿಯೇ ಇಲ್ಲ. ಮಳೆಗಾಲದಲ್ಲಿ ಬಿರಿದ ಪಾದ ಇಟ್ಟು ರಸ್ತೆಯ ನೀರಿನಲ್ಲಿ ನಡೆದರೆ ಇಲಿಜ್ವರ ಒಳಗೆ ಬರಲು ಅಷ್ಟೇ ಬಿರುಕು ಸಾಕು; ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಾಣಿ ಎಂದು ಪಾಲಿಕೆ ಮಳೆಗಾಲದಲ್ಲಿ ಹೇಳುವ ಮಾತು ಇವರಿಗೆ ಹೆಚ್ಚು ಅನ್ವಯ.

ಚರ್ಮರೋಗ ಬದುಕನ್ನು ಎಷ್ಟು ತಿಂದಿದೆ ಎಂದು ಅಳೆಯಲು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿದರು. ಕಳೆದ ವಾರ ತುರಿಕೆ ಎಷ್ಟಿತ್ತು, ಬಟ್ಟೆ ಆರಿಸುವಾಗ ಯೋಚಿಸಿದಿರಾ, ಕೆಲಸ ತಪ್ಪಿತೇ, ದಾಂಪತ್ಯಕ್ಕೆ ತೊಂದರೆಯಾಯಿತೇ ಎಂಬಂಥವು. ಒಟ್ಟು 30ರಲ್ಲಿ 10 ಮೀರಿದರೆ ಭಾರೀ ಪೆಟ್ಟು ಎಂದರ್ಥ. ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವನು ಕೊನೆಯ ಪ್ರಶ್ನೆಗಳಿಗೆ ‘ಸಂಬಂಧಿಸಿಲ್ಲ’ ಎಂದು ಬರೆಯುತ್ತಾನೆ, ಅಂಕ ಇಳಿಯುತ್ತದೆ. ಊರಿಗೆ ಹೋಗದಿರಲು ಅದೇ ಕಾರಣ ಎಂಬುದು ಪಟ್ಟಿಗೆ ಸಿಗುವುದಿಲ್ಲ. ದಣಿವನ್ನೂ ಅದು ಕೇಳುವುದಿಲ್ಲ. ನಿದ್ದೆ ಮಾಡಿದರೂ ಹೋಗದ ಈ ದಣಿವು ಉರಿಯೂತದ್ದೇ ಭಾಗ, ಇದಕ್ಕೆ ಟಾನಿಕ್ಕು ಇಲ್ಲ. ರೋಗ ಹತೋಟಿಗೆ ಬಂದಷ್ಟು ಅದೂ ಇಳಿಯುತ್ತದೆ.

ಸರ್ಟಿಫಿಕೇಟಿನ ವಿಚಾರದಲ್ಲೂ ಮಧ್ಯಾಹ್ನದ ಕೈಯೇ ಸಾಕ್ಷಿ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸವಲತ್ತು ಹೆಚ್ಚಾಗಿ 40 ಶೇಕಡಾ ಮೇಲಿನವರಿಗೆ, ಅಳೆಯುವುದು ಕೀಲು ಎಷ್ಟು ಮಡಚುತ್ತದೆ, ಹಿಡಿತ ಎಷ್ಟಿದೆ ಎಂಬುದನ್ನು. ಬೆಳಿಗ್ಗೆ ಎರಡು ಗಂಟೆ ಹೊತ್ತು ಕೈ ಆಡದವನಿಗೆ ಅಲ್ಲಿ ಅಂಕ ಬೀಳುವುದಿಲ್ಲ. ಕೆಲಸದಲ್ಲಿ ಇರುವವರಿಗೆ ಅದಕ್ಕಿಂತ ಹತ್ತಿರದ್ದು ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ. ಹತ್ತು ಅಥವಾ ಹೆಚ್ಚು ಜನ ಇರುವ ಹೊಟೇಲಿನಲ್ಲಿ ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ ಅದು ಇರಬೇಕು. ವರ್ಷಕ್ಕೆ 91 ದಿನದವರೆಗೆ 70 ಶೇಕಡಾ ಕೂಲಿ ಕಾಯಿಲೆ ರಜೆಯಲ್ಲಿ ಸಿಗುತ್ತದೆ, ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಸ್ಲಿಪ್ಪಿನಲ್ಲಿ 0.75 ಶೇಕಡಾ ಕಡಿತ ಕಾಣದಿದ್ದರೆ ಆರೋಗ್ಯವಾಗಿದ್ದಾಗಲೇ ಕೇಳಿಬಿಡಿ. ಮಾಲಕರಿಂದ ಕೇಳಬಹುದಾದ ಇನ್ನೊಂದಕ್ಕೆ ದುಡ್ಡು ಬೀಳುವುದಿಲ್ಲ: ಮೊದಲ ಪಾಳಿಯಿಂದ ಎರಡನೆಯದಕ್ಕೆ ಬದಲಿ. ‘ಹುಷಾರಿಲ್ಲ’ ಎಂದು ಕೇಳಿದರೆ ಎಲ್ಲರೂ ಹಾಗೇ ಹೇಳುತ್ತಾರೆ. ಹನ್ನೊಂದಕ್ಕೆ ಬಂದರೆ ರಾತ್ರಿ ಬಾಗಿಲು ಹಾಕುವವರೆಗೆ ಕಾವಲಿ ಮುಂದೆ ನಿಲ್ಲುತ್ತೇನೆ ಎಂದು ಹೇಳಿ, ಫೋನಿನಲ್ಲಿರುವ ಬೆಳಗಿನ ಆರರ ಫೋಟೋ ತೋರಿಸಿ.